ಬೇಗ ಹೊರಡಲು ಅನುಮತಿ ಕೇಳಬೇಕೇ, ಹೇಳಿ ಹೋದರೆ ಸಾಕೇ? ನಿಮ್ಮ ಜಾಗಕ್ಕೆ ಒಗ್ಗುವ ಪದ್ಧತಿ ಯಾವುದು

ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಎಚ್‌ಆರ್ ಸಹಾಯಕನಾಗಿ ಸೇರಿದ ಮೊದಲ ವರ್ಷ ನಡೆದದ್ದು ಇದು. ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಕಚೇರಿಗೆ ಫೋನ್ ಬಂತು. ಫ್ಲೋರಿನೊಳಗೆ ಮೊಬೈಲ್ ಬಿಡುತ್ತಿರಲಿಲ್ಲವಾದ್ದರಿಂದ ಮನೆಯ ಫೋನುಗಳೆಲ್ಲ ನಮಗೇ ಬರುತ್ತಿದ್ದವು. ಕಾಲರ್ ಜೋಡಿಸುವ ಮೆಷಿನ್ನಿನಲ್ಲಿದ್ದ ಒಬ್ಬ ಹೆಂಗಸಿನ ಮಗ ಶಾಲೆಯಲ್ಲಿ ಬಿದ್ದು ಕೈ ಊದಿಕೊಂಡಿತ್ತು. ಅವರು ಓಡಿ ಬಂದು, "ಸರ್, ಗೇಟ್ ಪಾಸ್ ಬರ್ಕೊಡಿ ಸರ್" ಅಂದರು. ಪಾಸಿಗೆ ಮೂರು ಸಹಿ ಬೇಕಿತ್ತು: ಲೈನ್ ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್, ಎಚ್‌ಆರ್. ಇನ್‌ಚಾರ್ಜ್ ಮೀಟಿಂಗಿನಲ್ಲಿದ್ದರು. ಬಾಗಿಲು ಬಡಿಯುವ ಧೈರ್ಯ ನನಗಿರಲಿಲ್ಲ. ಕಾರ್ಬನ್ ಹಾಳೆ ಇಟ್ಟ ಪಾಸ್ ಪುಸ್ತಕ ನನ್ನ ಕೈಯಲ್ಲೇ ಇತ್ತು, ಆಕೆ ನನ್ನೆದುರೇ ಸೆರಗು ಹಿಂಡುತ್ತ ನಿಂತಿದ್ದರು. ಗೇಟು ದಾಟಿದ್ದು 3 ಗಂಟೆ 50ಕ್ಕೆ.

ಸಂಜೆ ಆ ಲೈನಿನ ಸೂಪರ್‌ವೈಸರ್‌ನ ಕೇಳಿದೆ, ಆ ಮೆಷಿನ್ನಿಗೆ ಯಾರನ್ನು ಕೂರಿಸಿದಿರಿ ಅಂತ. "ಫ್ಲೋಟರ್ ಕೂತ್ಕೊಂಡ್ಳು ಸರ್, ಎರಡೇ ನಿಮಿಷಕ್ಕೆ" ಅಂದರು. ಬದಲಿ ಸಿಕ್ಕಿದ್ದು 2 ನಿಮಿಷಕ್ಕೆ, ಕಾಗದ ಸಿಕ್ಕಿದ್ದು 40 ನಿಮಿಷಕ್ಕೆ. ಆ 40 ನಿಮಿಷದಿಂದ ಕಾರ್ಖಾನೆಗೆ ಒಂದು ಶರ್ಟೂ ಹೆಚ್ಚು ಬರಲಿಲ್ಲ.

ಅಲ್ಲಿಂದಾಚೆ ಒಂದು ಮುದ್ರಣಾಲಯ, ಒಂದು ನರ್ಸಿಂಗ್ ಹೋಮ್, ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಹಾಜರಾತಿಯ ಕೆಲಸ ನೋಡಿದ್ದೇನೆ. ಎಲ್ಲ ಕಡೆ ಮಾಲೀಕರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದೇ: ಬೇಗ ಹೊರಡುವವರು ಅನುಮತಿ ತಗೊಳ್ಳಲೇಬೇಕಾ? ಹತ್ತರಿಂದ ಇನ್ನೂರು ಜನ ಕೆಲಸ ಮಾಡುವ ಜಾಗವನ್ನು ನಡೆಸುವವರಿಗೆ, ಅಲ್ಲಿ ನಿಯಮ ಬರೆಯುವ ಮ್ಯಾನೇಜರ್‌ಗಳಿಗೆ ಈ ಹೋಲಿಕೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಮೂರನ್ನು ಬಿಡಿಸಿಕೊಳ್ಳಿ

ಅನುಮತಿ, ತಿಳಿಸುವುದು, ದಾಖಲೆ. ಈ ಮೂರನ್ನು ನಾವು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದೇವೆ. ಅನುಮತಿ ಎಂದರೆ ಎದುರಿನವರು ಬೇಡ ಅನ್ನಬಹುದು. ತಿಳಿಸುವುದು ಎಂದರೆ ನಿರ್ಧಾರ ಹೊರಡುವವರದ್ದೇ, ಉಳಿದವರಿಗೆ ಗೊತ್ತಿರಬೇಕು ಅಷ್ಟೆ. ದಾಖಲೆ ಎಂದರೆ ಎಷ್ಟು ಹೊತ್ತಿಗೆ ಯಾರು ಹೊರಗೆ ಹೋದರು ಎಂಬ ಬರಹ. ಗೇಟ್ ಪಾಸ್ ಈ ಮೂರೂ ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ಹಾಗಾಗಿ ಅದನ್ನು ತೆಗೆದರೆ ಶಿಸ್ತೇ ಹೋಯಿತು ಎಂದು ಮಾಲೀಕರಿಗೆ ಅನ್ನಿಸುತ್ತದೆ, ಅದು ಇದ್ದರೆ ಮರ್ಯಾದೆಯೇ ಇಲ್ಲ ಎಂದು ಕೆಲಸಗಾರರಿಗೆ ಅನ್ನಿಸುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಾಖಲೆ ಎಲ್ಲ ಕಡೆಯೂ ಬೇಕು, ಎಲ್ಲರಿಗೂ ಬೇಕು, ಮುಖ್ಯವಾಗಿ ಕೆಲಸಗಾರರ ಹಿತಕ್ಕೇ ಬೇಕು. ತಿಳಿಸುವುದು ಬಹುತೇಕ ಎಲ್ಲ ಕಡೆ ಬೇಕು. ಅನುಮತಿ ಮಾತ್ರ ಕೆಲವೇ ಜಾಗಗಳಲ್ಲಿ ಬೇಕು. ಆ ಕೆಲವು ಜಾಗಗಳನ್ನು ಗುರುತಿಸಲು ಒಂದು ಪ್ರಶ್ನೆ ಸಾಕು.

ಈ ಕುರ್ಚಿ ಒಂದು ಗಂಟೆ ಖಾಲಿಯಾದರೆ ಯಾರು ಕಾಯುತ್ತಾರೆ?

ವಾರ್ಡಿನ ನರ್ಸ್ ಹೊರಟರೆ ರೋಗಿ ಕಾಯುತ್ತಾನೆ. ಯಾವ ಹಾಸಿಗೆಗೆ ಎಷ್ಟು ಹೊತ್ತಿಗೆ ಯಾವ ಇಂಜೆಕ್ಷನ್ ಎಂದು ಮುಂದಿನವರಿಗೆ ಹ್ಯಾಂಡೋವರ್ ಕೊಡದೆ ಒಂದು ಹೆಜ್ಜೆ ಆಚೆ ಇಡುವಂತಿಲ್ಲ. ಬಾಯ್ಲರ್ ಮುಂದೆ ಪ್ರಮಾಣಪತ್ರ ಇರುವ ಅಟೆಂಡೆಂಟ್ ಇಲ್ಲದೆ ಅದನ್ನು ನಡೆಸುವುದಕ್ಕೆ ಕಾನೂನೇ ಬಿಡುವುದಿಲ್ಲ. ಶಾಲೆಯ ಬಸ್ ಚಾಲಕ 3 ಗಂಟೆಗೆ ಮನೆಗೆ ಹೋದರೆ ನಲವತ್ತು ಮಕ್ಕಳು ಗೇಟಿನಲ್ಲಿ ನಿಲ್ಲುತ್ತಾರೆ. ಬ್ಯಾಂಕಿನ ಕ್ಯಾಷ್ ಕೌಂಟರಿನವರು ನಗದು ತಾಳೆ ಹಾಕದೆ ಎದ್ದರೆ ನಾಳೆ ಕಳೆದ ಹಣಕ್ಕೆ ಅವರೇ ಹೊಣೆ. ಹೊಲಿಗೆ ಲೈನಿನಲ್ಲಿ ಒಂದು ಮೆಷಿನ್ ನಿಂತರೆ ಹಿಂದಿನವರ ಬಂಡಲ್‌ಗಳು ರಾಶಿ ಬೀಳುತ್ತವೆ, ಮುಂದಿನವರು ಕೈ ಕಟ್ಟಿ ಕೂರುತ್ತಾರೆ.

ಇತ್ತ ಲೆಕ್ಕಪತ್ರ ಬರೆಯುವವರನ್ನು ನೋಡಿ. ಜಿಎಸ್‌ಟಿ ರಿಟರ್ನ್ ಹಾಕುವ 20ನೇ ತಾರೀಕು ಹತ್ತಿರ ಬಂದಾಗ ಅವರ ಒಂದು ಗಂಟೆಗೆ ಬೆಲೆ ಇದೆ. 25ನೇ ತಾರೀಕು ಸಂಜೆ 4 ಗಂಟೆಗೆ ಅವರು ಹೊರಟರೆ ಯಾರೂ ಕಾಯುವುದಿಲ್ಲ, ಬೆಳಗ್ಗೆ ಬಂದು ಮಾಡುತ್ತಾರೆ. ಡಿಸೈನರ್, ಕೋಡ್ ಬರೆಯುವವರು, ಪ್ರೂಫ್ ತಿದ್ದುವವರು, ಖರೀದಿ ವಿಭಾಗದವರು ಇವರೆಲ್ಲರ ಕಥೆಯೂ ಅದೇ. ಅವರಿಂದ ನಿಮಗೆ ಬೇಕಾಗಿರುವುದು ಕೆಲಸ, ಹಾಜರಿಯಲ್ಲ.

ನಿಮ್ಮಲ್ಲಿರುವ ಎಲ್ಲ ಹುದ್ದೆಗಳನ್ನೂ ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಯಾರು ಕಾಯುತ್ತಾರೆ ಎಂದು ಬರೆಯಿರಿ. ಉತ್ತರ ಇರುವ ಜಾಗಕ್ಕೆ ಅನುಮತಿ, ಉತ್ತರ ಇಲ್ಲದ ಜಾಗಕ್ಕೆ ಹೇಳಿ ಹೋಗುವುದು. "ಬಾಸ್ ಕಾಯುತ್ತಾರೆ" ಎಂಬುದು ಉತ್ತರ ಅಲ್ಲ.

ಗೇಟ್ ಪಾಸ್: ಯಾವಾಗ ಸರಿ, ಹೇಗೆ ಸರಿ

ಗೇಟ್ ಪಾಸನ್ನು ನಾನು ಪೂರ್ತಿ ತೆಗಳುವುದಿಲ್ಲ. ಕಾರ್ಖಾನೆಯಲ್ಲಿ ಅದು ಕೆಲಸಗಾರರ ಕೈಯಲ್ಲಿರುವ ಸಾಕ್ಷಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಿಂದ, ಮನೆಯಿಂದ ಕೆಲಸಕ್ಕೆ ಬರುವಾಗ ಅಥವಾ ಕೆಲಸದಿಂದ ಮನೆಗೆ ಹೋಗುವಾಗ ಆಗುವ ಅಪಘಾತವನ್ನೂ ಉದ್ಯೋಗದ ವೇಳೆಯ ಅಪಘಾತ ಎಂದು ಪರಿಗಣಿಸಬಹುದು. ಆದರೆ ಅಪಘಾತದ ಸಂದರ್ಭ, ಸಮಯ, ಜಾಗ ಈ ಮೂರಕ್ಕೂ ಉದ್ಯೋಗಕ್ಕೂ ನಂಟಿದೆ ಎಂದು ತೋರಿಸಬೇಕು. ಶಿಫ್ಟ್ ಮುಗಿಯುವುದು 5:30ಕ್ಕೆ, ಅಪಘಾತ ಆದದ್ದು 4:15ಕ್ಕೆ ಎಂದಿಟ್ಟುಕೊಳ್ಳಿ. 4 ಗಂಟೆಗೆ ಗೇಟು ದಾಟಿದ ಬರಹ ಇದ್ದರೆ ಆ ಮನೆಯವರು ಹೇಳುವುದಕ್ಕೆ ಆಧಾರ ಇರುತ್ತದೆ. ಸೆಕ್ಯುರಿಟಿಯವರಿಗೆ ಕೈ ಸನ್ನೆ ಮಾಡಿ ಹೋಗಿದ್ದರೆ ಅವರು ಅಲೆಯಬೇಕಾಗುತ್ತದೆ. ಆದ್ದರಿಂದಲೇ ಅನುಮತಿ ಬೇಡ ಅನ್ನುವ ಕಡೆಯೂ ಹೊರಟ ಹೊತ್ತು ಬರೆದಿಡಿ ಅನ್ನುತ್ತೇನೆ.

ತಪ್ಪು ಇರುವುದು ಪಾಸಿನ ಮೂರು ಅಂಗಗಳಲ್ಲಿ.

ಒಂದು, ಸಹಿಗಳ ಸಂಖ್ಯೆ. ಬದಲಿಯವರನ್ನು ಕೂರಿಸುವ ಅಧಿಕಾರ ಯಾರಿಗಿದೆಯೋ ಅವರೊಬ್ಬರ ಸಹಿ ಸಾಕು. ಲೈನಿನಲ್ಲಿ ಅದು ಸೂಪರ್‌ವೈಸರ್, ವಾರ್ಡಿನಲ್ಲಿ ಸಿಸ್ಟರ್ ಇನ್‌ಚಾರ್ಜ್. ಎಚ್‌ಆರ್ ವಿಭಾಗದವರು ಮೆಷಿನ್ ಮೇಲೆ ಯಾರನ್ನೂ ಕೂರಿಸುವುದಿಲ್ಲ, ಅವರ ಸಹಿಯಿಂದ ಏನೂ ಬದಲಾಗುವುದಿಲ್ಲ. ಅವರಿಗೆ ಪ್ರತಿ ಹೋದರೆ ಸಾಕು.

ಎರಡು, ಉತ್ತರಕ್ಕೆ ಗಡುವು ಇಲ್ಲದಿರುವುದು. ಕೇಳಿದ ಹತ್ತು ನಿಮಿಷದೊಳಗೆ ಹೂಂ ಅಥವಾ ಊಹೂಂ ಬರಬೇಕು. ಬರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಈ ಒಂದು ಸಾಲನ್ನು ನಿಯಮದಲ್ಲಿ ಸೇರಿಸಿದ ಕಡೆ ಸೂಪರ್‌ವೈಸರ್‌ಗಳು ತಾವಾಗಿ ಚುರುಕಾಗಿದ್ದನ್ನು ನೋಡಿದ್ದೇನೆ.

ಮೂರನೆಯದು ಕಾರಣದ ಕಾಲಂ. ಇದರ ಬಗ್ಗೆ ನನಗೆ ಬಹಳ ಹೇಳುವುದಿದೆ. ಪಾಸ್ ಪುಸ್ತಕಗಳನ್ನು ತಿರುವಿ ಹಾಕಿದರೆ ಆ ಕಾಲಂನಲ್ಲಿ ಕಾಣುವುದು ಎರಡೇ ಪದ: "ಪರ್ಸನಲ್" ಮತ್ತು "ಹುಷಾರಿಲ್ಲ". ನಿಜವಾದ ಕಾರಣವನ್ನು ಯಾರೂ ಬರೆಯುವುದಿಲ್ಲ, ಬರೆಯಲು ಆಗುವುದೂ ಇಲ್ಲ. ಗಂಡ ಕುಡಿದು ಬಂದು ಮನೆ ಮುಂದೆ ಗಲಾಟೆ ಮಾಡುತ್ತಿದ್ದಾನೆ ಎಂದು ಪಕ್ಕದ ಮನೆಯವರು ಫೋನ್ ಮಾಡಿರುತ್ತಾರೆ. ಚೀಟಿ ಹಣ ಕಟ್ಟಲು ಅದೇ ಕೊನೆಯ ದಿನವಾಗಿರುತ್ತದೆ. ಮುಟ್ಟಿನ ಹೊಟ್ಟೆನೋವು ತಡೆಯಲಾಗದೆ ಎದ್ದಿರುತ್ತಾರೆ, ಎದುರಿಗೆ ಕೂತ ಸೂಪರ್‌ವೈಸರ್ ಗಂಡಸಾಗಿರುತ್ತಾನೆ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ದಿನದ ರಜೆಯನ್ನೇ ಸಂಕೋಚವಿಲ್ಲದೆ ಕೇಳಬಹುದು ಎನ್ನುವಾಗ ಒಂದು ಗಂಟೆ ಮುಂಚೆ ಹೊರಡಲು ಎಲ್ಲರೆದುರು ಕಾರಣ ಬಿಡಿಸಿ ಹೇಳು ಅನ್ನುವುದು ಸರಿಯಲ್ಲ. ಕಾರಣ ಕೇಳಿದರೆ ಸಿಗುವುದು ಸುಳ್ಳು. ಸುಳ್ಳು ಹೇಳಿಸಿಕೊಂಡ ಮೇಲೆ ಮ್ಯಾನೇಜರ್‌ಗೆ ಅನುಮಾನ ಬರುತ್ತದೆ, ಅನುಮಾನ ಬಂದ ಮೇಲೆ ನಿಯಮ ಇನ್ನೂ ಬಿಗಿಯಾಗುತ್ತದೆ.

ಮುದ್ರಣಾಲಯದಲ್ಲಿ ನಾವು ಆ ಕಾಲಂ ತೆಗೆದು ಅದರ ಜಾಗದಲ್ಲಿ ಬೇರೆ ಒಂದನ್ನು ಹಾಕಿದೆವು: "ಜಾಗದಲ್ಲಿ ಯಾರು". ಗೇಟಿನ ಬಳಿ ಉದ್ದನೆಯ ನೋಟ್‌ಬುಕ್, ದಾರದಲ್ಲಿ ಕಟ್ಟಿದ ಪೆನ್ನು. ಹೆಸರು, ಹೊತ್ತು, ಜಾಗದಲ್ಲಿ ಯಾರು. ಆಫ್‌ಸೆಟ್ ಮೆಷಿನ್ ನಡೆಸುವವರು ಹೊರಡುವ ಮುಂಚೆ ತಾವೇ ಇನ್ನೊಬ್ಬರ ಹತ್ತಿರ ಹೋಗಿ, "ಅಣ್ಣ, ಈ ಎರಡು ಫಾರಂ ನೋಡ್ಕೊಳ್ತೀರಾ?" ಎಂದು ಕೇಳತೊಡಗಿದರು. ಬೈಂಡಿಂಗಿನ ಅಕ್ಕಂದಿರು ತಮ್ಮತಮ್ಮಲ್ಲೇ ಹೊಂದಿಸಿಕೊಂಡರು. ಇಂದು ನಾನು ನಿನ್ನ ಕೆಲಸ ಹಿಡಿದರೆ ನಾಳೆ ನೀನು ನನ್ನದು ಹಿಡಿಯುತ್ತೀ ಎಂಬುದು ನಮ್ಮ ಹಳ್ಳಿಗಳ ಮುಯ್ಯಾಳಿನ ಲೆಕ್ಕ. ಮ್ಯಾನೇಜರ್‌ಗೆ ಉಳಿದದ್ದು ಯಾರೂ ಸಿಗದ ದಿನಗಳನ್ನು ನೋಡಿಕೊಳ್ಳುವ ಕೆಲಸ ಮಾತ್ರ.

ತಿಂಗಳಿಗೆ ಎರಡು ಪರ್ಮಿಷನ್

ಕಚೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದು. ತಿಂಗಳಿಗೆ ಎರಡು ಬಾರಿ, ಒಂದು ಅಥವಾ ಎರಡು ಗಂಟೆ. ತಡವಾಗಿ ಬರುವುದಕ್ಕೂ ಬೇಗ ಹೊರಡುವುದಕ್ಕೂ ಒಂದೇ ಖಾತೆ. ಕೇಂದ್ರ ಸರ್ಕಾರಿ ನೌಕರರಿಗೂ ಇದರ ಒಂದು ರೂಪ ಇದೆ: ಒಂದು ಗಂಟೆಯವರೆಗಿನ ತಡವನ್ನು ಸಕಾರಣ ಇದ್ದರೆ ತಿಂಗಳಿಗೆ ಎರಡು ಸಲ ಮನ್ನಿಸಬಹುದು, ಅದಕ್ಕೆ ಮೀರಿದರೆ ಅರ್ಧ ದಿನದ ಸಾಂದರ್ಭಿಕ ರಜೆ ಕಡಿತ, ಬೇಗ ಹೊರಡುವುದಕ್ಕೂ ಅದೇ ಅಳತೆ.

ಇದರ ಗುಣ ಏನೆಂದರೆ ಯಾರ ಮುಖ ನೋಡಿಯೂ ನಿರ್ಧಾರ ಆಗುವುದಿಲ್ಲ. ಬಾಸಿನ ಮನಸ್ಸು ಚೆನ್ನಾಗಿದೆಯೋ ಇಲ್ಲವೋ ಎಂದು ಕ್ಯಾಬಿನ್ ಹೊರಗೆ ನಿಂತು ಲೆಕ್ಕ ಹಾಕಬೇಕಿಲ್ಲ. ಆದರೆ ಒಂಟಿ ಹುಡುಗನಿಗೂ, ಡಯಾಲಿಸಿಸ್‌ಗೆ ಹೋಗುವ ಅಪ್ಪನನ್ನು ಕರೆದೊಯ್ಯಬೇಕಾದ ಮಗಳಿಗೂ ಅದೇ ಎರಡು. ಆಕೆಯದು ಮೊದಲ ವಾರದಲ್ಲೇ ಮುಗಿದುಹೋಗುತ್ತದೆ. ಆತ ಮಾತ್ರ, ಬಳಸದಿದ್ದರೆ ರದ್ದಾಗುತ್ತದಲ್ಲ ಎಂದು, ತಿಂಗಳ ಕೊನೆಯ ಶುಕ್ರವಾರ ಸುಮ್ಮನೆ ಹೊರಡುತ್ತಾನೆ.

ಈ ಪದ್ಧತಿಯನ್ನೇ ಇಟ್ಟುಕೊಳ್ಳುವುದಾದರೆ ಸಲಗಳ ಲೆಕ್ಕ ಬಿಟ್ಟು ಗಂಟೆಗಳ ಲೆಕ್ಕಕ್ಕೆ ಬನ್ನಿ. ತಿಂಗಳಿಗೆ ನಾಲ್ಕು ಗಂಟೆ, ಅರ್ಧರ್ಧ ಗಂಟೆಯಾಗಿ ಒಡೆದು ಬಳಸಲು ಅವಕಾಶ, ಉಳಿದದ್ದು ಮೂರು ತಿಂಗಳವರೆಗೆ ಮುಂದಕ್ಕೆ. ಇಪ್ಪತ್ತು ನಿಮಿಷ ಮುಂಚೆ ಹೊರಡಲು ಎರಡು ಗಂಟೆಯ ಪರ್ಮಿಷನ್ ಸುಡಬೇಕಾದವನು, ಹೇಗೂ ಹೋಯಿತಲ್ಲ ಎಂದು ಎರಡು ಗಂಟೆ ಮುಂಚೆಯೇ ಹೋಗುತ್ತಾನೆ. ಈ ಬದಲಾವಣೆಯಿಂದ ಅದು ನಿಲ್ಲುತ್ತದೆ.

ಹೇಳಿ ಹೋಗುವುದು

ಮನೆಯಿಂದ ಹೊರಡುವಾಗ "ಹೋಗಿ ಬರ್ತೀನಿ" ಎಂದು ಹೇಳಿಯೇ ಹೊರಡುತ್ತೇವೆ. ಹೇಳದೆ ಹೋದರೆ ಅಮ್ಮನಿಗೆ ಬೇಸರ. ಹಾಗಂತ ಅದನ್ನು ಅನುಮತಿ ಕೇಳುವುದು ಎಂದು ಯಾರೂ ತಿಳಿಯುವುದಿಲ್ಲ. ಯಾರಿಗೂ ಕಾಯುವ ಕೆಲಸ ಇಲ್ಲದ ಹುದ್ದೆಗಳಿಗೆ ಇಷ್ಟು ಸಾಕು.

ಆದರೆ ಕಚೇರಿಗಳಲ್ಲಿ ಇದು ಕೆಡುವ ಬಗೆಯೊಂದಿದೆ. ನಿಯಮದಲ್ಲಿ "ತಿಳಿಸಿದರೆ ಸಾಕು" ಎಂದಿರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "4 ಗಂಟೆಗೆ ಹೊರಡ್ತಿದೀನಿ" ಎಂದು ಹಾಕುತ್ತಾರೆ. ಮ್ಯಾನೇಜರ್ ಓದಿರುವುದು ನೀಲಿ ಗೆರೆಯಲ್ಲಿ ಕಾಣುತ್ತದೆ, "ಓಕೆ" ಬರುವುದಿಲ್ಲ. ಆ "ಓಕೆ"ಗಾಗಿ ಬ್ಯಾಗ್ ಹೆಗಲಿಗೇರಿಸಿಕೊಂಡು ಇಪ್ಪತ್ತು ನಿಮಿಷ ಕುರ್ಚಿಯಲ್ಲೇ ಕೂತವರನ್ನು ನಾನು ಕಂಡಿದ್ದೇನೆ. ಮರುವಾರ ಅವರ ಸಂದೇಶ "ಹೊರಡ್ಲಾ ಸರ್?" ಎಂದಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ಬಂದ ದಿನವೇ ನಿಮ್ಮ ಕಚೇರಿಯಲ್ಲಿ ನಿಯಮ ಬದಲಾಯಿತು ಎಂದು ತಿಳಿಯಿರಿ.

ಇದನ್ನು ತಡೆಯುವುದು ಮೇಲಿನವರ ಕೈಯಲ್ಲಿದೆ. ಮ್ಯಾನೇಜರ್ ಕೂಡ ಅದೇ ಗುಂಪಿನಲ್ಲಿ, ಅದೇ ಮಾತಿನಲ್ಲಿ, "ನಾನು ಇವತ್ತು 4ಕ್ಕೆ ಹೊರಡ್ತೀನಿ, 6ರ ಮೇಲೆ ಫೋನಿಗೆ ಸಿಗ್ತೀನಿ" ಎಂದು ಹಾಕಬೇಕು. ಸಂದೇಶದಲ್ಲಿ ಎರಡೇ ಸಂಗತಿ ಇರಲಿ: ಎಷ್ಟು ಹೊತ್ತಿಗೆ, ಅರ್ಧಕ್ಕೆ ನಿಂತ ಕೆಲಸ ಇದ್ದರೆ ಎಲ್ಲಿಗೆ ಬಂದಿದೆ. ಕಾರಣ ಬೇಡ.

ಹೇಳಿ ಹೋಗುವ ಸ್ವಾತಂತ್ರ್ಯ ಕೊಟ್ಟರೆ ಜನ ದಿನಾ ಹೊರಡುತ್ತಾರೆ ಎಂಬ ಭಯ ಮಾಲೀಕರಿಗಿದೆ. ಕೆಲವರು ಹಾಗೆ ಮಾಡುತ್ತಾರೆ ಕೂಡ, ಇಲ್ಲ ಅನ್ನುವುದಿಲ್ಲ. ಆ ಒಬ್ಬರಿಬ್ಬರನ್ನು ಕೂರಿಸಿ ನೇರವಾಗಿ ಮಾತಾಡಿ, ಆದರೆ ಕೆಲಸ ಏಕೆ ಹಿಂದೆ ಬಿದ್ದಿದೆ ಎಂದು ಕೇಳಿ, ಎಷ್ಟು ಹೊತ್ತಿಗೆ ಹೊರಟೆ ಎಂದಲ್ಲ. ಒಬ್ಬನಿಗಾಗಿ ಮೂವತ್ತೊಂಬತ್ತು ಜನರ ಮೇಲೆ ನಿಯಮ ಹೇರಬೇಡಿ.

ಹೊಂದಿಸಿಕೊಳ್ಳುವ ವೇಳೆ

ಬೆಳಗ್ಗೆ ಯಾವಾಗ ಬೇಕಾದರೂ ಬನ್ನಿ, ಸಂಜೆ ಅದಕ್ಕೆ ತಕ್ಕಂತೆ ಹೋಗಿ, ನಡುವಿನ ಕೆಲವು ಗಂಟೆ ಮಾತ್ರ ಎಲ್ಲರೂ ಇರಬೇಕು ಎಂಬ ಪದ್ಧತಿ ಶುರುವಾಗಿದ್ದು ಜರ್ಮನಿಯಲ್ಲಿ. ಅರ್ಥಶಾಸ್ತ್ರಜ್ಞೆ ಕ್ರಿಸ್ಟೆಲ್ ಕೆಮರರ್ ಅವರ ಆಲೋಚನೆಯನ್ನು ಮ್ಯೂನಿಕ್ ಹತ್ತಿರದ ಓಟೊಬ್ರುನ್‌ನಲ್ಲಿದ್ದ ವಿಮಾನ ತಯಾರಿಕಾ ಸಂಸ್ಥೆ 1967ರಲ್ಲಿ ಜಾರಿಗೆ ತಂದಿತು. ಎಲ್ಲರೂ ಒಂದೇ ಹೊತ್ತಿಗೆ ಗೇಟಿಗೆ ಬರುವುದರಿಂದ ಆಗುತ್ತಿದ್ದ ವಾಹನ ದಟ್ಟಣೆಯೂ ಅದಕ್ಕೆ ಒಂದು ಕಾರಣ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ 6 ಗಂಟೆಗೆ ಸಿಕ್ಕಿಬಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 4:30ಕ್ಕೆ ಹೊರಟರೆ ಬೇಗ ಮುಗಿಯುವ ದಾರಿ 6ಕ್ಕೆ ಹೊರಟರೆ ಎಷ್ಟು ಉದ್ದವಾಗುತ್ತದೆ ಎಂಬುದು ಪ್ರತಿಯೊಬ್ಬರಿಗೂ ಮೈಮೇಲಿನ ಅನುಭವ.

ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಎಲ್ಲರೂ ಇರುವುದು, ಉಳಿದದ್ದು ಅವರವರ ಅನುಕೂಲ ಎಂದು ಮಾಡಿದರೆ "ಬೇಗ ಹೊರಡುವುದು" ಎಂಬ ಮಾತೇ ಬಹುಪಾಲು ಇಲ್ಲವಾಗುತ್ತದೆ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಇದೇ. ಒಂದು ಎಚ್ಚರ ಇಟ್ಟುಕೊಳ್ಳಿ: ನಡುವಿನ ಗಂಟೆಗಳನ್ನು 10ರಿಂದ 6 ಎಂದು ಹಿಗ್ಗಿಸಬೇಡಿ. ಹಾಗೆ ಮಾಡಿದರೆ ಹೊಂದಿಸಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ.

ಕಾರ್ಖಾನೆಗಳಲ್ಲಿ ಕೆಲವರು "ಇವತ್ತು ಎರಡು ಗಂಟೆ ಮುಂಚೆ ಹೋಗು, ನಾಳೆ ಎರಡು ಗಂಟೆ ಹೆಚ್ಚು ಮಾಡು" ಎಂದು ಬಾಯಿಮಾತಿನಲ್ಲಿ ಹೊಂದಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ. ಆದರೆ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಮೀರಿದ ಹೊತ್ತಿಗೆ ದುಪ್ಪಟ್ಟು ವೇತನ ಎಂದು ಹೇಳಿತ್ತು. ಅದರ ಜಾಗಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲೂ ಹೆಚ್ಚುವರಿ ಹೊತ್ತಿನ ಕೆಲಸಕ್ಕೆ ದುಪ್ಪಟ್ಟು ಹಾಗೆಯೇ ಉಳಿದಿದೆ. ದಿನದ ಮಿತಿ ದಾಟಿದ ಗಂಟೆಯನ್ನು ನಿನ್ನೆಯ ಬಾಕಿ ಎಂದು ತೀರಿಸಿಕೊಳ್ಳಲು ಬರುವುದಿಲ್ಲ. ಎರಡು ಗಂಟೆಯನ್ನು ನಾಲ್ಕು ದಿನಕ್ಕೆ ಅರ್ಧರ್ಧ ಗಂಟೆಯಾಗಿ ಹಂಚಿದರೆ, ಎಂಟು ಗಂಟೆಯ ಶಿಫ್ಟ್ ಇರುವ ಕಡೆ, ಹಳೆಯ ಕಾಯ್ದೆಯ 9 ಗಂಟೆಯ ಮಿತಿಯೊಳಗೇ ಮುಗಿಯುತ್ತಿತ್ತು; ಹೊಸ ಸಂಹಿತೆಯಲ್ಲಿ ದಿನದ ಮಿತಿ 8 ಗಂಟೆ, ಹಾಗಾಗಿ ಈಗ ಅದಕ್ಕೂ ಜಾಗವಿಲ್ಲ.

ಕೆಲಸ ಮುಗಿದರೆ ಮನೆಗೆ

ಗುತ್ತಿಗೆ ಹಿಡಿದು ನಾಟಿ ಮಾಡುವ ಹೆಣ್ಣಾಳುಗಳ ತಂಡಕ್ಕೆ ಹೊತ್ತಿನ ಲೆಕ್ಕವಿಲ್ಲ. ಗದ್ದೆ ಮುಗಿದರೆ ಮೂರು ಗಂಟೆಗೇ ಕೈಕಾಲು ತೊಳೆದು ಹೊರಡುತ್ತಾರೆ, ಯಾರನ್ನೂ ಕೇಳುವುದಿಲ್ಲ. ಅಳೆಯಲು ಬರುವ ಕೆಲಸಕ್ಕೆ ಇದು ಸೊಗಸಾದ ಪದ್ಧತಿ. ಆದರೆ ಬೇಗ ಮುಗಿಸಿದರು ಎಂದು ಮರುದಿನ ಟಾರ್ಗೆಟ್ ಏರಿಸಿದಿರೋ, ಮುಂದೆ ಯಾರೂ ಬೇಗ ಮುಗಿಸುವುದಿಲ್ಲ. ಟಾರ್ಗೆಟ್ ಏರಿಸುವುದಿಲ್ಲ, ಮಾತು ಬದಲಿಸುವುದಿಲ್ಲ ಎಂಬ ನಂಬಿಕೆ ನಿಮ್ಮ ಮೇಲೆ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಸಂಬಳ ಕಡಿತದ ಲೆಕ್ಕ

ಯಾವ ಪದ್ಧತಿ ಆರಿಸಿದರೂ ಇಲ್ಲಿ ಎಡವುವವರೇ ಹೆಚ್ಚು. ಒಂದು ಗಂಟೆ ಮುಂಚೆ ಹೊರಟವರಿಗೆ ಅರ್ಧ ದಿನದ ಸಂಬಳ ಹಿಡಿಯುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. 1936ರ ವೇತನ ಪಾವತಿ ಕಾಯ್ದೆ ಇದನ್ನು ಒಪ್ಪುತ್ತಿರಲಿಲ್ಲ: ಎಷ್ಟು ಹೊತ್ತು ಗೈರೋ ಅಷ್ಟಕ್ಕೆ ಮಾತ್ರ ಕಡಿತ, ಅದಕ್ಕಿಂತ ಹೆಚ್ಚಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಇದೇ ತತ್ವ ಇದೆ. ಹತ್ತು ಅಥವಾ ಹೆಚ್ಚು ಜನ ಒಟ್ಟುಗೂಡಿ, ಮುನ್ಸೂಚನೆ ಕೊಡದೆ, ಸಕಾರಣವಿಲ್ಲದೆ ಎದ್ದು ಹೋದರೆ ಅದರ ಲೆಕ್ಕ ಬೇರೆ.

ರೂಪಾಯಿಯಲ್ಲಿ ನೋಡೋಣ. ತಿಂಗಳಿಗೆ 15,600 ರೂಪಾಯಿ ಸಂಬಳ, 26 ದಿನ, ದಿನಕ್ಕೆ 8 ಗಂಟೆ. ದಿನಕ್ಕೆ 600, ಗಂಟೆಗೆ 75. ಒಂದು ಗಂಟೆ ಮುಂಚೆ ಹೊರಟರೆ ಹಿಡಿಯಬಹುದಾದದ್ದು 75 ರೂಪಾಯಿ. ಅರ್ಧ ದಿನದ ಲೆಕ್ಕದಲ್ಲಿ ಹಿಡಿಯುವುದು 300. ಆ ಹೆಚ್ಚಿನ 225 ರೂಪಾಯಿ ಒಬ್ಬ ಹೆಲ್ಪರ್ ಮನೆಯ ಎರಡು ಮೂರು ದಿನದ ತರಕಾರಿ ಹಾಲಿನ ದುಡ್ಡು. ಸರ್ಕಾರಿ ಕಚೇರಿಯಲ್ಲಿ ಅರ್ಧ ದಿನ ಹಿಡಿಯುತ್ತಾರಲ್ಲ ಎಂದು ವಾದಿಸುವವರು ಒಂದನ್ನು ಗಮನಿಸಬೇಕು, ಅಲ್ಲಿ ಹಿಡಿಯುವುದು ರಜೆಯ ಖಾತೆಯಿಂದ, ಸಂಬಳದಿಂದಲ್ಲ.

ಇನ್ನು ಕೆಲವು ಹೊತ್ತುಗಳಿಗೆ ಅನುಮತಿಯ ಮಾತೇ ಬರುವುದಿಲ್ಲ. ಹೆರಿಗೆ ರಜೆ ಮುಗಿಸಿ ಬಂದ ತಾಯಿಗೆ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೇ ಬಂದ ಹಕ್ಕು. ಮತದಾನದ ದಿನದ ವೇತನಸಹಿತ ರಜೆಯೂ ಹಾಗೆಯೇ. ಇವನ್ನು "ಹೋಗ್ಲಿ ಬಿಡಮ್ಮ, ಹೋಗಿ ಬಾ" ಎಂದು ಉಪಕಾರದಂತೆ ಕೊಡಬೇಡಿ.

ಒಂದೇ ಕಟ್ಟಡದಲ್ಲಿ ಎರಡು ಅಳತೆ

ನನಗೆ ಹೆಚ್ಚು ನೋವು ಕೊಡುವ ಸಂಗತಿ ಇದು. ಕ್ಯಾಬಿನ್ ಒಳಗಿರುವವರು 4 ಗಂಟೆಗೆ ಕಾರಿನ ಬೀಗದಕೈ ಹಿಡಿದು ಹೊರಟರೆ ಯಾರೂ ಹೊತ್ತು ಕೇಳುವುದಿಲ್ಲ. ಅದೇ ಮಹಡಿಯಲ್ಲಿ ನೆಲ ಒರೆಸುವ ಅಕ್ಕ ಹತ್ತು ನಿಮಿಷ ಮುಂಚೆ ಹೊರಡಬೇಕಾದರೆ ಮೂವರನ್ನು ಕೇಳಬೇಕು. ಆಕೆಗೆ ಆ ಹತ್ತು ನಿಮಿಷ ಎಂದರೆ ಊರ ಕಡೆ ಹೋಗುವ ಬಸ್ಸು. ತಪ್ಪಿದರೆ ಇನ್ನೊಂದಕ್ಕೆ ಒಂದು ಗಂಟೆ ಕಾಯಬೇಕು, ಕತ್ತಲಲ್ಲಿ ನಡೆಯಬೇಕು.

ಏಜೆನ್ಸಿ ಮೂಲಕ ಬಂದವರ ಪಾಡು ಇನ್ನೂ ಕಷ್ಟದ್ದು. ಕಚೇರಿಯವರು "ನಿಮ್ಮ ಕಂಟ್ರಾಕ್ಟರ್‌ನ ಕೇಳಿ" ಅನ್ನುತ್ತಾರೆ. ಕಂಟ್ರಾಕ್ಟರ್ ಊರಿನ ಇನ್ನೊಂದು ಮೂಲೆಯಲ್ಲಿರುತ್ತಾನೆ, ಫೋನ್ ಎತ್ತುವುದಿಲ್ಲ, ಎತ್ತಿದರೆ "ಅಲ್ಲಿ ಸಾಹೇಬ್ರನ್ನ ಕೇಳ್ಕೊಳ್ಳಿ" ಅನ್ನುತ್ತಾನೆ. ಸೆಕ್ಯುರಿಟಿ ಗಾರ್ಡ್‌ಗಳಿಗಂತೂ ರಿಲೀವರ್ ಬರುವವರೆಗೆ ಬಿಡುಗಡೆ ಇಲ್ಲ, ರಿಲೀವರ್ ಬಾರದಿದ್ದರೆ ಇನ್ನೊಂದು ಶಿಫ್ಟೂ ಅವರ ತಲೆಗೇ. ನಿಮ್ಮ ಜಾಗದಲ್ಲಿ ಏಜೆನ್ಸಿಯವರು ಇದ್ದರೆ, ಕಟ್ಟಡದಲ್ಲೇ ಇರುವ ಒಬ್ಬರ ಹೆಸರನ್ನು ಒಪ್ಪಂದದಲ್ಲಿ ಬರೆಸಿ, ಅವರು ಹೂಂ ಅಂದರೆ ಸಾಕು ಎಂದು. ತುರ್ತಿಗೆ ಬದಲಿ ಕಳಿಸುವ ಹೊಣೆ ಏಜೆನ್ಸಿಯದ್ದು, ಹೊರಡಬೇಕಾದವರದ್ದಲ್ಲ ಎಂಬ ಸಾಲನ್ನೂ ಸೇರಿಸಿ. ಇಡೀ ಬರಹದಲ್ಲಿ ಒಂದನ್ನೇ ಮಾಡಲು ಸಾಧ್ಯ ಎಂದಾದರೆ ಇದನ್ನೇ ಮೊದಲು ಮಾಡಿ.

ಮಿಶ್ರ ಕೆಲಸ ಇರುವ ಕಡೆ ಎರಡು ಪದ್ಧತಿ ಇಟ್ಟರೆ ಜಗಳ ಆಗುತ್ತದೆ ಎಂದು ಹೆದರುವವರಿದ್ದಾರೆ. ನರ್ಸಿಂಗ್ ಹೋಮಿನಲ್ಲಿ ನನಗೂ ಆ ಭಯ ಇತ್ತು. ಬಿಲ್ಲಿಂಗಿನವರು ಹೇಳಿ ಹೋಗುತ್ತಾರೆ, ನಾವು ಮಾತ್ರ ಕೇಳಬೇಕಾ ಎಂದು ಸಿಸ್ಟರ್‌ಗಳು ಕೇಳಿದರು. ರೋಗಿ ಕಾಯುವ ಮಾತು ಹೇಳಿದಾಗ ಅವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: "ಹಾಗಾದ್ರೆ ಪ್ರತಿ ಶಿಫ್ಟಿಗೂ ಒಬ್ರು ಹೆಚ್ಚಿಗೆ ಇರ್ಬೇಕು ಸರ್. ರಿಲೀವ್ ಮಾಡೋಕೆ ಜನಾನೇ ಇಲ್ದೆ ಪರ್ಮಿಷನ್ ಕೇಳಿ ಅಂದ್ರೆ ಏನು ಅರ್ಥ?" ಅವರ ಮಾತು ನೂರಕ್ಕೆ ನೂರು ಸರಿ. ಅನುಮತಿ ಕೇಳಿ ಅನ್ನುವ ಮಾಲೀಕರು ಅನುಮತಿ ಕೊಡಲು ಸಾಧ್ಯವಾಗುವಷ್ಟು ಜನರನ್ನು ಇಟ್ಟಿರಬೇಕು.

ನೋಟಿಸ್ ಬೋರ್ಡಿಗೆ

ಸುಮಾರು ನಲವತ್ತು ಜನರಿರುವ, ಮೆಷಿನ್ನೂ ಮೇಜೂ ಎರಡೂ ಇರುವ ಜಾಗಕ್ಕೆ ನಾನು ಬರೆದುಕೊಡುವ ಒಕ್ಕಣೆ ಹೀಗಿರುತ್ತದೆ. ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ, ಆದರೆ ಕನ್ನಡದಲ್ಲೇ ಹಾಕಿ, ಗೇಟಿನ ಹತ್ತಿರ, ಎಲ್ಲರ ಕಣ್ಣಿಗೆ ಬೀಳುವ ಹಾಗೆ.

"ಮೆಷಿನ್, ಕೌಂಟರ್, ವಾಹನ, ಕಾವಲು ಕೆಲಸದಲ್ಲಿರುವವರು ಬೇಗ ಹೊರಡುವುದಿದ್ದರೆ ನಿಮ್ಮ ಸೂಪರ್‌ವೈಸರ್‌ಗೆ ಕೇಳಿ. ಅವರು ಹತ್ತು ನಿಮಿಷದೊಳಗೆ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿದು ಹೊರಡಬಹುದು. ಉಳಿದವರು ತಮ್ಮ ಗುಂಪಿನಲ್ಲಿ ತಿಳಿಸಿದರೆ ಸಾಕು. ಕಾರಣವನ್ನು ಯಾರೂ ಕೇಳುವುದಿಲ್ಲ. ಹೊರಡುವಾಗ ಗೇಟಿನ ಪುಸ್ತಕದಲ್ಲಿ ಹೆಸರು, ಹೊತ್ತು, ಜಾಗದಲ್ಲಿ ಯಾರು ಎಂದು ಬರೆಯಿರಿ. ಮಾಲೀಕರು, ಮ್ಯಾನೇಜರ್‌ಗಳು ಸಹ ಇದೇ ಪುಸ್ತಕದಲ್ಲಿ ಬರೆಯುತ್ತಾರೆ. ತಿಂಗಳಿಗೆ ನಾಲ್ಕು ಗಂಟೆಯವರೆಗೆ ಸಂಬಳ ಹಿಡಿಯುವುದಿಲ್ಲ. ಮೀರಿದರೆ ಮೀರಿದ ನಿಮಿಷಗಳಿಗೆ ಮಾತ್ರ. ಮನೆಯಲ್ಲಿ ಯಾರಿಗಾದರೂ ಅಪಘಾತ, ಅನಾರೋಗ್ಯ, ಸಾವು ಸಂಭವಿಸಿದರೆ, ಮಕ್ಕಳ ಶಾಲೆಯಿಂದ ಫೋನ್ ಬಂದರೆ ಯಾರನ್ನೂ ಕೇಳಬೇಡಿ. ಪಕ್ಕದವರಿಗೆ ಒಂದು ಮಾತು ಹೇಳಿ ಹೊರಡಿ, ದಾರಿಯಲ್ಲಿ ಫೋನ್ ಮಾಡಿ. ಪುಸ್ತಕದಲ್ಲಿ ಸೆಕ್ಯುರಿಟಿಯವರು ಬರೆದುಕೊಳ್ಳುತ್ತಾರೆ."